ಓದಲಾರದವರ ಸ್ವಾಧ್ಯಾಯ

ತಪಸ್ಸನ್ನು ಬಾಹ್ಯ, ಆಭ್ಯಂತರ ಎಂದು ಎರಡು ಬಗೆಯಾಗಿ ವಿಂಗಡಿಸಿದ ಜೈನಾಚಾರ್ಯರು ಆಭ್ಯಂತರ ತಪಸ್ಸಿನ ಆರು ಭೇದಗಳಲ್ಲಿ ಸ್ವಾಧ್ಯಾಯಕ್ಕೆ ಸ್ಥಾನವಿತ್ತಿದ್ದಾರೆ. ಅನಶನವಾದರೋ ಬಾಹ್ಯತಪಸ್ಸಿನಲ್ಲಿ ಸೇರಿದೆ. ಅನಶನದ ವಿಷಯದಲ್ಲಿ ನಮ್ಮ ಸಮಾಜ ಬಹಳ ಉದಾರವಾದುದು. ಯಥಾಶಕ್ತಿ ಮಾಡಿದರೆ ಸಾಕು ಎನ್ನುತ್ತದೆ. ವೃದ್ಧರಿಗೆ, ರೋಗಿಗಳಿಗೆ, ಬಾಣಂತಿಯರಿಗೆ ಏಕಾಶನವೇ ಸಾಕೆಂದು ಸಮಾಧಾನ ಹೇಳುತ್ತದೆ. ಆದರೆ ಅದೇ ಸಮಾಜ ಓದಿನ ವಿಷಯಕ್ಕೆ ಬಂದಾಗ ಯಥಾಶಕ್ತಿ ಎಂಬ ಮಾತನ್ನು ಮರೆಯುತ್ತದೆ. ಊಟ ಬಿಡಲಾರದವನು ಅಶಕ್ತನೆನಿಸಿಕೊಳ್ಳುತ್ತಾನೆ. ಪುಟ ಓದಲಾರದವನು ಸೋಮಾರಿ ಎನಿಸಿಕೊಳ್ಳುತ್ತಾನೆ. ಈ ಎರಡು ತೀರ್ಪುಗಳ ನಡುವಣ ಅಂತರ ನ್ಯಾಯವಾದುದೇ ಎಂಬುದು ವಿಚಾರಾರ್ಹ.

ಇಲ್ಲಿ ಹೇಳುತ್ತಿರುವುದು ನಿರಕ್ಷರತೆಯ ಮಾತಲ್ಲ. ಅಕ್ಷರ ಬಲ್ಲವರು, ಅಂಗಡಿಯ ಲೆಕ್ಕವನ್ನು ತಪ್ಪಿಲ್ಲದೆ ಬರೆಯುವವರು, ವ್ಯವಹಾರದಲ್ಲಿ ಚತುರರಾದವರು ಕೂಡ ಒಂದು ಪುಟದ ಮುಂದೆ ಸೋಲುವುದುಂಟು. ಅಂಚಿನಿಂದ ಅಂಚಿಗೆ ಒತ್ತೊತ್ತಾಗಿ ಮುದ್ರಿಸಿದ, ಎಲ್ಲಿಯೂ ಪ್ಯಾರಾ ಒಡೆಯದ ಪುಟ ಕಂಡೊಡನೆ ಅವರ ಕಣ್ಣು ಸಾಲು ತಪ್ಪುತ್ತದೆ. ಓದಿದ ಸಾಲನ್ನೇ ಮತ್ತೆ ಓದುತ್ತಾರೆ, ಇಲ್ಲವೇ ನಡುವೆ ಒಂದು ಸಾಲನ್ನು ಹಾರುತ್ತಾರೆ. ವಾಕ್ಯದ ಕೊನೆ ಮುಟ್ಟುವ ವೇಳೆಗೆ ಅದರ ಕರ್ತೃಪದ ಮರೆತುಹೋಗಿರುತ್ತದೆ. ಎರಡು ದಿನ ಹೀಗಾದ ಮೇಲೆ ಪುಸ್ತಕವನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಕಪಾಟಿನಲ್ಲಿಡುತ್ತಾರೆ. ಬಸದಿಯ ಸ್ವಾಧ್ಯಾಯ ಸಭೆಯಲ್ಲಿ ತಮ್ಮ ಸರದಿ ಬಂದಾಗ ಕನ್ನಡಕ ಮರೆತು ಬಂದೆನೆಂದು ಹೇಳುವವರಲ್ಲಿ ಎಲ್ಲರೂ ಕನ್ನಡಕ ಮರೆತವರಾಗಿರುವುದಿಲ್ಲ.

ಕಾರಣಗಳು ಒಂದೇ ಬಗೆಯವಲ್ಲ. ಮುಪ್ಪಿನ ದೃಷ್ಟಿಮಾಂದ್ಯ ಒಂದು. ಕಾರವಾರ, ಅಂಕೋಲೆಗಳ ಅನೇಕ ಮನೆಗಳಲ್ಲಿರುವಂತೆ ಮನೆಯ ಮಾತು ಕೊಂಕಣಿಯಾಗಿ ಓದಿನ ಭಾಷೆ ಕನ್ನಡವಾಗಿರುವುದು ಇನ್ನೊಂದು. ಅಲ್ಲಿ ಓದುಗನು ಅಕ್ಷರದಿಂದ ಪದಕ್ಕೂ ಪದದಿಂದ ತನ್ನ ಮಾತಿಗೂ ಎರಡು ಸೇತುವೆ ದಾಟಬೇಕು. ಮೂರನೆಯದು ಹುಟ್ಟಿನಿಂದಲೇ ಬಂದ ಓದಿನ ತೊಡಕು. ಬ್ರಿಟನ್ನಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರಲ್ಲಿ ಒಬ್ಬ ಬುದ್ಧಿವಂತ ಬಾಲಕನ ವಿಷಯ ಬರೆದ. ಆ ಬಾಲಕ ಎಲ್ಲದರಲ್ಲಿಯೂ ಚುರುಕು, ಓದಲು ಮಾತ್ರ ಬಾರದು. ಇಂದು ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ನಮ್ಮ ದೇಶದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಮಾನ್ಯ ಮಾಡಿದ 21 ಬಗೆಯ ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ನಾಲ್ಕನೆಯ ಕಾರಣ ಈಚಿನದು: ಮೊಬೈಲ್ ಫೋನಿನ ತುಣುಕು ಬರಹಗಳಿಗೆ ಒಗ್ಗಿಹೋದ ಮನಸ್ಸು ಒಂದೆಡೆ ನಿಲ್ಲದಿರುವುದು. ಈ ನಾಲ್ಕರಲ್ಲಿ ಪ್ರಮಾದವೆಂದು ಕರೆಯಬಹುದಾದುದು ಕೊನೆಯದೊಂದೇ. ಅದೂ ಪೂರ್ತಿಯಾಗಿ ಅಲ್ಲ. ಹೊರಗಿನಿಂದ ನೋಡುವವನಿಗೆ ಮಾತ್ರ ನಾಲ್ವರೂ ಒಂದೇ ರೀತಿ ಕಾಣುತ್ತಾರೆ. ಸೋಮಾರಿ ಎಂಬ ತೀರ್ಪು ಹುಟ್ಟುವುದು ಈ ತೋರಿಕೆಯಿಂದ.

ಕಣ್ಣು ಓದುವ ಬಗೆಯನ್ನು ತಿಳಿದರೆ ತೀರ್ಪು ಇನ್ನಷ್ಟು ಸಡಿಲವಾಗುತ್ತದೆ. ಓದುವಾಗ ಕಣ್ಣು ನೀರಿನಂತೆ ಹರಿಯುವುದಿಲ್ಲ, ಕಪ್ಪೆಯಂತೆ ಕುಪ್ಪಳಿಸುತ್ತದೆ. ಒಂದೊಂದು ಕಡೆ ಸೆಕೆಂಡಿನ ಕಾಲುಭಾಗದಷ್ಟು ಹೊತ್ತು ನಿಂತು, ಕೆಲವು ಅಕ್ಷರಗಳನ್ನು ಹಿಡಿದು, ಮುಂದಕ್ಕೆ ಜಿಗಿಯುತ್ತದೆ. ಸಾಲು ಮುಗಿದಾಗ ಎಡಕ್ಕೆ ದೂರದ ಜಿಗಿತ. ಸಾಲು ಉದ್ದವಾದಷ್ಟೂ ಈ ಜಿಗಿತ ಗುರಿ ತಪ್ಪುವ ಸಂಭವ ಹೆಚ್ಚು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸುಗಳು ಮೇಲೇರುತ್ತವೆ. ಕಾಗದ ಉಳಿಸಲೆಂದು ಸಾಲುಗಳನ್ನು ಹತ್ತಿರ ತಂದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕನ್ನಡ ಮಕ್ಕಳ ಓದಿನ ಕಲಿಕೆಯನ್ನು ಪರೀಕ್ಷಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ನಮ್ಮ ಅಕ್ಷರಮಾಲೆ ಪೂರ್ತಿಯಾಗಿ ಕೈವಶವಾಗಲು ಆರಂಭದ ಒಂದೆರಡು ತರಗತಿಗಳು ಸಾಲವೆಂದು ತೋರಿಸಿತು. ಹೀಗಿರಲು ಎರಡನೆಯ ತರಗತಿಯ ಮಗು ಸ್ತೋತ್ರಪುಸ್ತಕ ಹಿಡಿದು ತಡವರಿಸಿದರೆ ಅದರಲ್ಲಿ ಅಚ್ಚರಿಯೇನು?

ಆದರೆ ಇದಕ್ಕೆ ಶಾಸ್ತ್ರವನ್ನೇ ಮುಂದಿಟ್ಟು ಉತ್ತರ ಕೊಡುವವರಿದ್ದಾರೆ. ಓದು ಬಾರದಿರುವುದು ಜ್ಞಾನಾವರಣೀಯ ಕರ್ಮದ ಉದಯ. ಪೂರ್ವಾರ್ಜಿತವನ್ನು ಅವರವರೇ ಉಣ್ಣಬೇಕು, ಅನ್ಯರು ಮಾಡುವುದೇನಿದೆ ಎಂಬುದು ಅವರ ವಾದ. ಈ ಮಾತಿನ ಪೂರ್ವಾರ್ಧ ಸಿದ್ಧಾಂತಕ್ಕೆ ಸಮ್ಮತವೇ. ಜ್ಞಾನದ ತಾರತಮ್ಯಕ್ಕೆ ಕರ್ಮದ ಕ್ಷಯೋಪಶಮವೇ ಕಾರಣವೆಂದು ಹೇಳಿದೆ. ಉತ್ತರಾರ್ಧ ಮಾತ್ರ ಸಿದ್ಧಾಂತದಿಂದ ಹುಟ್ಟುವುದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಜ್ಞಾನಾವರಣದ ಆಸ್ರವಕ್ಕೆ ಕಾರಣವಾದ ನಡತೆಗಳನ್ನು ಹೆಸರಿಸುತ್ತದೆ. ತಿಳಿದುದನ್ನು ಮರೆಮಾಚುವ ನಿಹ್ನವ, ಇನ್ನೊಬ್ಬನು ತನಗೆ ಸಮನಾದಾನೆಂದು ಕಲಿಸದಿರುವ ಮಾತ್ಸರ್ಯ, ಕಲಿಯುವವನಿಗೆ ಅಡ್ಡಿಯೊಡ್ಡುವ ಅಂತರಾಯ ಅವುಗಳಲ್ಲಿ ಸೇರಿವೆ. ಅಂದರೆ ಓದಲಾರದವನನ್ನು ನೋಡಿ ಅದು ಅವನ ಕರ್ಮವೆಂದು ಕೈಕಟ್ಟಿ ಕುಳಿತವನು ಅವನ ಹಳೆಯ ಲೆಕ್ಕವನ್ನು ಓದುವ ಭರದಲ್ಲಿ ತನ್ನ ಹೊಸ ಲೆಕ್ಕವನ್ನು ಮರೆತಿದ್ದಾನೆ. ಉದಯಕ್ಕೆ ಬಾಹ್ಯ ನಿಮಿತ್ತಗಳುಂಟು, ಕ್ಷಯೋಪಶಮಕ್ಕೂ ಉಂಟು. ಜ್ವರ ಅಸಾತಾವೇದನೀಯದ ಉದಯವೆಂದು ಯಾರೂ ಔಷಧದಾನವನ್ನು ನಿಲ್ಲಿಸಲಿಲ್ಲ. ಆಹಾರ, ಅಭಯ, ಭೈಷಜ್ಯಗಳ ಜೊತೆಯಲ್ಲೇ ಶಾಸ್ತ್ರದಾನವನ್ನೂ ಎಣಿಸಿದವರು ನಮ್ಮ ಹಿರಿಯರು.

ಇನ್ನೂ ಮೂಲಕ್ಕೆ ಹೋಗಬಹುದು. ಶ್ರುತ ಎಂಬ ಪದದ ಅರ್ಥ ಕೇಳಲ್ಪಟ್ಟದ್ದು ಎಂದು. ಆಗಮವು ಬಾಯಿಂದ ಕಿವಿಗೆ ಹರಿದುಬಂದಿತು; ಓದಿದ್ದಲ್ಲ. ಕಾಲಕ್ರಮದಲ್ಲಿ ಧಾರಣಾಶಕ್ತಿ ಕುಗ್ಗಿ ಅಂಗಶ್ರುತವು ಲುಪ್ತವಾಗುವುದನ್ನು ಕಂಡು ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳನ್ನು ಕರೆಸಿ ತಮಗೆ ತಿಳಿದುದನ್ನು ಉಪದೇಶಿಸಿದರು. ಪುಷ್ಪದಂತಾಚಾರ್ಯರು ಬಂದು ನೆಲೆಸಿದ್ದು ವನವಾಸದೇಶದಲ್ಲಿ. ಕಾರವಾರ, ಅಂಕೋಲೆಗಳಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ, ಘಟ್ಟದ ಮೇಲೆ, ಶಿರಸಿಯ ಆಚೆಗಿರುವ ಬನವಾಸಿ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ಅಲ್ಲಿ ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಜಿನಪಾಲಿತನಿಗೆ ದೀಕ್ಷೆಯಿತ್ತು, ಓದಿಸಿ, ಅವನನ್ನು ಭೂತಬಲಿಗಳ ಬಳಿಗೆ ಕಳುಹಿಸಿದರೆಂದು ಪರಂಪರೆ ಹೇಳುತ್ತದೆ. ಷಟ್ಖಂಡಾಗಮವು ಪೂರ್ಣವಾಗಿ ಗ್ರಂಥರೂಪ ತಾಳಿದ ಜ್ಯೇಷ್ಠ ಶುಕ್ಲ ಪಂಚಮಿಯನ್ನೇ ಶ್ರುತಪಂಚಮಿಯೆಂದು ಆಚರಿಸುತ್ತೇವೆ.

ಈ ವೃತ್ತಾಂತವನ್ನು ಪ್ರತಿವರ್ಷ ಕೇಳುವವರು ಅದರ ಒಂದು ಅಂಶವನ್ನು ಗಮನಿಸುವುದು ಕಡಿಮೆ. ಬರವಣಿಗೆಯು ಬಂದದ್ದು ನೆನಪಿನ ದೌರ್ಬಲ್ಯಕ್ಕೆ ಊರುಗೋಲಾಗಿ. ನೆನಪಿಟ್ಟುಕೊಳ್ಳಲಾರದ ಶಿಷ್ಯರನ್ನು ಆ ಆಚಾರ್ಯರು ಸೋಮಾರಿಗಳೆಂದು ಜರೆಯಲಿಲ್ಲ, ಅವರ ಕರ್ಮವೆಂದು ಬಿಟ್ಟುಬಿಡಲೂ ಇಲ್ಲ. ಕಾಲಕ್ಕೆ ತಕ್ಕ ಸಾಧನವನ್ನು ಒದಗಿಸಿದರು. ಪುಸ್ತಕವೇ ಅಶಕ್ತರಿಗಾಗಿ ಹುಟ್ಟಿದ ಉಪಾಯವೆಂದ ಮೇಲೆ, ಪುಸ್ತಕವನ್ನು ಓದಲಾರದ ಅಶಕ್ತರಿಗೆ ಇನ್ನೊಂದು ಉಪಾಯ ಬೇಕೆಂದರೆ ಅದು ಪರಂಪರೆಗೆ ಅಪಚಾರವೆನ್ನುವುದು ಹೇಗೆ?

ಓಲೆಗರಿಯ ಕಾಲದಲ್ಲಿ ಪದಗಳ ನಡುವೆ ತೆರಪೂ ಇರಲಿಲ್ಲ, ಪ್ಯಾರಾಗಳೂ ಇರಲಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾದ ಧವಲ ಗ್ರಂಥದ ಓಲೆಗಳಲ್ಲಿ ಹಳಗನ್ನಡ ಲಿಪಿಯ ಪ್ರಾಕೃತವು ಗರಿಯ ಈ ತುದಿಯಿಂದ ಆ ತುದಿಗೆ ಒಂದೇ ಸಮನೆ ಸಾಗುತ್ತದೆ. ಅದನ್ನು ಓದಿದವರಿಗೆ ಕಷ್ಟವಾಗಲಿಲ್ಲವೇ ಎಂಬ ಆಕ್ಷೇಪ ಸಹಜ. ಕಷ್ಟವಾಗುತ್ತಿತ್ತು, ಆದರೆ ಅವರು ಒಬ್ಬಂಟಿಯಾಗಿ, ಮೌನವಾಗಿ ಓದುತ್ತಿರಲಿಲ್ಲ. ಓದುವವನೊಬ್ಬ, ಬಿಡಿಸಿ ಹೇಳುವವನೊಬ್ಬ, ಕೇಳುವವರು ಹಲವರು. ಸ್ವಾಧ್ಯಾಯದ ಐದು ಅಂಗಗಳನ್ನು ನೋಡಿದರೆ ಇದು ಸ್ಪಷ್ಟ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಇವುಗಳಲ್ಲಿ ಪುಸ್ತಕ ಕೈಯಲ್ಲಿರಬೇಕಾದುದು ವಾಚನೆಗೆ ಮಾತ್ರ. ಸಂಶಯ ಕೇಳುವುದು ಪೃಚ್ಛನೆ, ಮನಸ್ಸಿನಲ್ಲಿ ಮಥಿಸುವುದು ಅನುಪ್ರೇಕ್ಷೆ, ಶುದ್ಧವಾಗಿ ಮತ್ತೆ ಮತ್ತೆ ಹೇಳಿಕೊಳ್ಳುವುದು ಆಮ್ನಾಯ. ಐದರಲ್ಲಿ ಒಂದು ಅಂಗ ಕುಂಟಿದರೆ ಉಳಿದ ನಾಲ್ಕನ್ನೂ ಕಳೆದುಕೊಂಡೆನೆಂದು ತಿಳಿಯುವುದು ಅವಿಚಾರ. ರತ್ನಾಕರವರ್ಣಿಯ ಭರತೇಶವೈಭವವು ಹಾಡಲು ಒದಗುವ ಸಾಂಗತ್ಯದಲ್ಲಿರುವುದರಿಂದಲೇ ಪುಸ್ತಕ ಮುಟ್ಟದವರ ನಾಲಗೆಯಲ್ಲಿಯೂ ನಿಂತಿತು. ದಶಲಕ್ಷಣ ಪರ್ವದ ಹತ್ತು ದಿನಗಳಿಗೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ದಿನಕ್ಕೊಂದರಂತೆ ಹಂಚಿದ ಪದ್ಧತಿಯೂ ದೀರ್ಘವಾದುದನ್ನು ಒಡೆದು ಓದುವ ಉಪಾಯವೇ ಆಗಿದೆ.

ಶಿವಭೂತಿ ಮುನಿಯ ಕಥೆ ಈ ಸಂದರ್ಭದಲ್ಲಿ ತಪ್ಪದೆ ಬರುತ್ತದೆ. ಗುರು ಕಲಿಸಿದ ಪಾಠವೊಂದೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಉದ್ದಿನ ಕಾಳಿನಿಂದ ಸಿಪ್ಪೆ ಬೇರೆಯೆಂಬಷ್ಟನ್ನೇ ಹಿಡಿದು, ತುಷ-ಮಾಷ ಎಂದು ಘೋಷಿಸುತ್ತ, ದೇಹದಿಂದ ಆತ್ಮ ಬೇರೆಯೆಂಬ ಅರಿವಿಗೆ ಏರಿ ಕೇವಲಜ್ಞಾನಿಗಳಾದರು. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಅವರನ್ನು ಸ್ಮರಿಸಿದ್ದಾರೆ. ಅದರ ಪಕ್ಕದಲ್ಲಿಯೇ ಅಂಗಶ್ರುತವನ್ನೆಲ್ಲ ಓದಿಯೂ ಭಾವಶ್ರಮಣನಾಗದ ಭವ್ಯಸೇನನನ್ನೂ ನಿಲ್ಲಿಸಿದ್ದಾರೆ. ಓದದಿರುವುದಕ್ಕೆ ಈ ಕಥೆಯನ್ನು ಅನುಮತಿಪತ್ರ ಮಾಡಿಕೊಳ್ಳುವವರಿದ್ದಾರೆ. ಅದು ಕಥೆಗೆ ಮಾಡುವ ಅನ್ಯಾಯ. ಶಿವಭೂತಿಗಳು ಪ್ರಯತ್ನ ಬಿಟ್ಟವರಲ್ಲ, ಎರಡು ಪದಗಳನ್ನು ಹಿಡಿದು ಬಿಡದೆ ಕುಳಿತವರು. ಇಪ್ಪತ್ತೆರಡು ಪರೀಷಹಗಳಲ್ಲಿ ಅಜ್ಞಾನದೊಡನೆ ಪ್ರಜ್ಞೆಯನ್ನೂ ಸೇರಿಸಿರುವುದು ಇದಕ್ಕೆ ಪೂರಕವಾಗಿದೆ. ಬಾರದೆಂಬ ಕುಗ್ಗನ್ನು ಸಹಿಸಬೇಕಾದಂತೆ ಬರುತ್ತದೆಂಬ ಹಿಗ್ಗನ್ನೂ ಗೆಲ್ಲಬೇಕು. ಸ್ವಾಧ್ಯಾಯ ಸಭೆಗಳಲ್ಲಿ ಮೊದಲನೆಯ ಪರೀಷಹವನ್ನು ಅನುಭವಿಸುವವರು ಹಿಂದಿನ ಸಾಲಿನಲ್ಲಿರುತ್ತಾರೆ. ಎರಡನೆಯದನ್ನು ಅನುಭವಿಸಬೇಕಾದವರು ಮುಂದಿನ ಸಾಲಿನಲ್ಲಿ ಕುಳಿತು ಹಿಂದಿನವರ ತಪ್ಪು ತಿದ್ದುತ್ತಿರುತ್ತಾರೆ!

ಅಕ್ಷರದ ಹೊರಗೂ ಜ್ಞಾನವಿದೆಯೆಂಬುದಕ್ಕೆ ಅಂಕೋಲೆ ತಾಲೂಕು ದೂರದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವನ್ನೇ ನಾಲಗೆಯ ಮೇಲಿಟ್ಟುಕೊಂಡಿದ್ದರು; 2017ರಲ್ಲಿ ಪದ್ಮಶ್ರೀ ಪಡೆದರು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಯಾವ ಮರದ ಬೀಜವನ್ನು ಯಾವಾಗ ಆಯ್ದು ಹೇಗೆ ಮೊಳೆಯಿಸಬೇಕೆಂಬುದನ್ನು ಅರಣ್ಯ ಇಲಾಖೆಯವರು ಅವರಿಂದ ಕೇಳಿ ತಿಳಿಯುತ್ತಿದ್ದರು. ಅವರು 2024ರ ಡಿಸೆಂಬರಿನಲ್ಲಿ ನಿಧನರಾದರು. ಇವರೀರ್ವರೂ ಜೈನರಲ್ಲ, ಆದರೆ ಆಮ್ನಾಯ ಎಂಬ ಪದಕ್ಕೆ ಅರ್ಥ ಹೇಳಬೇಕಾದವರು ಸುಕ್ರಜ್ಜಿಯನ್ನು ತೋರಿಸಬಹುದಾಗಿತ್ತು.

ಇಲ್ಲಿಯವರೆಗಿನ ವಿಚಾರ ಬಸದಿಯ ಒಳಗಿನದು. ಬಸದಿಯ ಹೊರಗೆ, ಓದಲಾಗದಿರುವುದು ಮನೆಮಠ ಕಳೆಯುವ ಸಂಗತಿಯೂ ಆಗುತ್ತದೆ. ಕಾರವಾರ ಮತ್ತು ಅಂಕೋಲೆಯ ಕರಾವಳಿ ಇದನ್ನು ಕಂಡಿದೆ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಈ ನಡುವೆ ಎರಡೂ ತಾಲೂಕುಗಳ ಕೃಷಿಕರು, ಮೀನುಗಾರರು ನೆಲ ಬಿಟ್ಟು ಎದ್ದರು. ಕೊಂಕಣ ರೈಲಿಗೂ ಹೆದ್ದಾರಿಗೂ ಭೂಸ್ವಾಧೀನ ನಡೆಯಿತು. ಅಂದು ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯಿದೆ. ಅದರ ಪ್ರಕಾರ ಪರಿಹಾರ ಸಾಲದೆಂದು ನ್ಯಾಯಾಲಯಕ್ಕೆ ಒಪ್ಪಿಸಬೇಕೆಂದು ಕೇಳಲು, ಐತೀರ್ಪಿನ ವೇಳೆ ಹಾಜರಿದ್ದವನಿಗೆ ದೊರೆಯುತ್ತಿದ್ದುದು ಆರು ವಾರ. ನ್ಯಾಯಾಲಯಕ್ಕೆ ಹೋಗದವನೂ ನೆರೆಯವನಿಗೆ ಹೆಚ್ಚಾದ ದರವನ್ನು ತನಗೂ ಕೇಳಬಹುದೆಂದು 1984ರ ತಿದ್ದುಪಡಿ ಅವಕಾಶ ಕೊಟ್ಟಿತು; ಅರಿಯದ ಬಡವರನ್ನು ನೆನೆದೇ ತಂದ ಆ ಕಲಮಿಗೂ ಮೂರು ತಿಂಗಳ ಗಡುವು. ಈ ಎಲ್ಲ ಕಾಗದಗಳ ಬರಹ ಹೇಗಿರುತ್ತದೆಂದು ಬಲ್ಲವರು ಬಲ್ಲರು. ಸರ್ವೆ ನಂಬರು, ಕಲಮು, ಉಪಕಲಮು, ಪೂರ್ಣವಿರಾಮವಿಲ್ಲದ ವಾಕ್ಯ, ಅದರೊಳಗೆಲ್ಲೋ ಆರು ವಾರ ಎಂಬ ಎರಡು ಪದ. ಆ ಎರಡು ಪದ ಕಣ್ಣಿಗೆ ಬೀಳದೆ ಹೋದವನು ಕಳೆದುಕೊಳ್ಳುವುದು ಪುಣ್ಯವನ್ನಲ್ಲ, ಗದ್ದೆಯ ಬೆಲೆಯನ್ನು.

ಇಂತಹ ಕಾಗದವನ್ನು ಹಿಡಿದು ಹಳ್ಳಿಯವನು ಹೋಗುವುದು ಓದಬಲ್ಲವರ ಬಳಿಗೆ: ಅಂಗಡಿಕಾರನ ಬಳಿಗೆ, ಮಾಸ್ತರರ ಬಳಿಗೆ, ಕಚೇರಿಯ ಎದುರಿನ ಅರ್ಜಿ ಬರೆಯುವವನ ಬಳಿಗೆ. ಈ ಓದಬಲ್ಲವರಲ್ಲಿ ಶ್ರಾವಕನೂ ಇರಬಹುದು. ಆಗ ಅವನ ಸತ್ಯಾಣುವ್ರತವು ಪರೀಕ್ಷೆಗೊಳಗಾಗುತ್ತದೆ. ಆ ವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದೊಂದು. ಸುಳ್ಳು ಪತ್ರ ಸೃಷ್ಟಿಸುವುದು. ಪತ್ರ ಸತ್ಯವಾದುದೇ, ಅಕ್ಷರವೊಂದೂ ಸುಳ್ಳಲ್ಲ, ಆದರೆ ಸಹಿ ಹಾಕುವವನಿಗೆ ಅದರ ಅರ್ಥವಾಗಿಲ್ಲ. ಅರ್ಥವಾಗಿಲ್ಲವೆಂದು ಹಾಕಿಸುವವನಿಗೆ ಗೊತ್ತಿದೆ. ಇದು ಕೂಟಲೇಖವೇ? ಲಕ್ಷಣವನ್ನು ಕಟ್ಟುನಿಟ್ಟಾಗಿ ನೋಡಿದರೆ ಅಲ್ಲ. ಆದರೆ ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ಇದರಲ್ಲೇನೂ ಇಲ್ಲ, ಎಲ್ಲರೂ ಹಾಕಿದ್ದಾರೆ, ನೀನೂ ಹಾಕು ಎಂಬ ಮಾತು ಆ ಹೆಸರಿಗೆ ಪೂರ್ತಿಯಾಗಿ ಅರ್ಹ. ಇನ್ನು ಏನೂ ಹೇಳದೆ ಬೆರಳಿಟ್ಟು ಜಾಗ ಮಾತ್ರ ತೋರಿಸುವವನ ವಿಷಯ ಕಠಿಣವಾದುದು. ಅವನು ಸುಳ್ಳಾಡಲಿಲ್ಲ. ಅವನ ಲಾಭವೆಲ್ಲ ಎದುರಿನವನ ಕಣ್ಣು ಆ ಪುಟದಲ್ಲಿ ನಿಲ್ಲದಿರುವುದರ ಮೇಲೆ ನಿಂತಿದೆ. ವ್ರತಗಳಿಗೆ ಅಹಿಂಸೆಯೇ ಬುಡವೆಂದು ಒಪ್ಪುವುದಾದರೆ, ಪ್ರಮತ್ತಯೋಗದಿಂದ ಪರರಿಗೆ ಹಾನಿಯಾಗುವ ಈ ಮೌನವನ್ನು ವ್ಯವಹಾರ ಚಾತುರ್ಯವೆಂದು ಕರೆದು ಮುಗಿಸುವಂತಿಲ್ಲ. ಭೂಮಿಯ ಪತ್ರಕ್ಕೆ ಮಾತ್ರ ಇದು ಸಲ್ಲುವುದಲ್ಲ. ಸಾಲದ ಕಾಗದ, ವಿಮೆಯ ಶರ್ತಗಳು, ಆಸ್ಪತ್ರೆಯ ಒಪ್ಪಿಗೆಪತ್ರ ಇವೆಲ್ಲ ಅದೇ ಜಾತಿಯವು. ವ್ಯಾಪಾರಸ್ಥ ಕುಟುಂಬಗಳು ತಮ್ಮ ನೌಕರರಿಂದ ಸಹಿ ಮಾಡಿಸಿಕೊಳ್ಳುವ ಕಾಗದಗಳನ್ನೂ ಈ ಪಟ್ಟಿಯಿಂದ ಬಿಡುವಂತಿಲ್ಲ.

ಹಾಗಾದರೆ ಎಲ್ಲವನ್ನೂ ಚಿಕ್ಕದಾಗಿ ಬರೆದುಬಿಟ್ಟರೆ ಆಯಿತೇ? ಅಂಕೋಲೆ ತಾಲೂಕಿನವರಾದ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕಗಳಿಂದ ಕನ್ನಡಿಗರ ಮನೆಮಾತಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಜಿಲ್ಲೆಯ ಬಡಮಕ್ಕಳಿಗೆ ಶಾಲೆಗಳನ್ನು ತೆರೆದವರೂ ಅವರೇ. ಎರಡೂ ಕೆಲಸಗಳನ್ನು ಒಬ್ಬನೇ ಮನುಷ್ಯ ಮಾಡಿದ್ದು ಗಮನಾರ್ಹ. ಚುಟುಕವು ಚುಟುಕದ ಕೆಲಸ ಮಾಡುತ್ತದೆ. ಅನೇಕಾಂತವಾದವನ್ನು ನಾಲ್ಕು ಸಾಲಿಗಿಳಿಸಿದರೆ ಉಳಿಯುವುದು ಏಕಾಂತವಾದವೇ. ಸ್ಯಾತ್ ಎಂಬ ಪದದ ಬಲವೇ ಅದು ಬೇಡುವ ವಿವರಣೆಯಲ್ಲಿದೆ. ಸಂಗ್ರಹವನ್ನು ಮಾತ್ರ ಓದುವವನು ಗ್ರಂಥಕರ್ತನ ಕೈಯಿಂದ ಸಂಗ್ರಹಕಾರನ ಕೈಗೆ ಬೀಳುತ್ತಾನೆ. ಆದುದರಿಂದ ಕಷ್ಟ ಎರಡು ಬಗೆಯದೆಂದು ತಿಳಿಯಬೇಕು. ವಿಷಯದ ಕಷ್ಟವನ್ನು ಯಾರೂ ತೆಗೆಯಲಾರರು, ತೆಗೆಯಲೂಬಾರದು. ಪುಟದ ಕಷ್ಟವು ಅಚ್ಚುಕೂಟದಲ್ಲಿ ಹುಟ್ಟಿದ್ದು. ಅದನ್ನು ಇಟ್ಟುಕೊಳ್ಳುವುದರಲ್ಲಿ ಯಾವ ತಪಸ್ಸೂ ಇಲ್ಲ.

ಟ್ರಸ್ಟುಗಳ ಹೊಣೆ ಇಲ್ಲಿಂದ ಆರಂಭವಾಗುತ್ತದೆ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದುದನ್ನು ಶಾಸ್ತ್ರದಾನದ ಮಾತು ಬಂದಾಗಲೆಲ್ಲ ನೆನೆಯುತ್ತೇವೆ. ಲಿಪಿಕಾರರು ಒಂದೊಂದು ಗರಿಯನ್ನೂ ಕಂಠದಿಂದ ಕೊರೆಯಬೇಕಾದ ಕಾಲದ ಸಂಖ್ಯೆ ಅದು. ಇಂದು ಸಾವಿರ ಪ್ರತಿ ಅಚ್ಚು ಹಾಕಿಸುವುದು ಒಂದು ವಾರದ ಕೆಲಸ. ಪಂಚಕಲ್ಯಾಣದ, ಷಷ್ಟ್ಯಬ್ದಿಯ, ಪುಣ್ಯಸ್ಮರಣೆಯ ನೆಪದಲ್ಲಿ ಹಂಚಿದ ಪುಸ್ತಕಗಳಲ್ಲಿ ದಾನಿಗಳ ಬಣ್ಣದ ಭಾವಚಿತ್ರಗಳು ನಾಲ್ಕು ಪುಟ ನುಂಗಿ, ಒಳಗಿನ ಶಾಸ್ತ್ರ ಇರುವೆಯಕ್ಷರದಲ್ಲಿ ಉಸಿರು ಕಟ್ಟಿ ನಿಂತಿರುವುದು ವಿರಳವಲ್ಲ. ಪ್ರತಿಗಳನ್ನು ಎಣಿಸಿ ದಾನ ಪೂರ್ತಿಯಾಯಿತೆಂದುಕೊಳ್ಳುವವರು ಅವುಗಳಲ್ಲಿ ಎಷ್ಟು ಓದಲ್ಪಟ್ಟವು ಎಂದು ಎಣಿಸುವುದಿಲ್ಲ. ಅಕ್ಷರ ದೊಡ್ಡದಾಗಿ, ಸಾಲು ಗಿಡ್ಡದಾಗಿ, ಸಾಲುಗಳ ನಡುವೆ ಒತ್ತಕ್ಷರ ಆಡುವಷ್ಟು ತೆರಪಿರಬೇಕು. ಒಂದು ವಿಚಾರ ಮುಗಿದಲ್ಲಿ ಪ್ಯಾರಾ ಮುಗಿಯಬೇಕು. ಮೂಲ, ಅನ್ವಯ, ಭಾವಾರ್ಥ ಮೂರೂ ಕಣ್ಣಿಗೆ ಬೇರೆಬೇರೆಯಾಗಿ ತೋರಬೇಕು. ಪುಟಗಳು ಹೆಚ್ಚಿ ಖರ್ಚು ಏರುವುದು ನಿಜ. ಭಾವಚಿತ್ರಗಳನ್ನು ಕಡಿಮೆ ಮಾಡಿದರೆ ಅರ್ಧ ಖರ್ಚಾದರೂ ಹೊಂದಿಕೆಯಾದೀತು.

ಮನೆಗಳಲ್ಲಿ ಮಾಡಬಹುದಾದುದು ಇದಕ್ಕಿಂತ ಸರಳ. ಓದುವ ಸಾಲಿನ ಕೆಳಗೆ ಒಂದು ಬಿಳಿ ಕಾಗದದ ಪಟ್ಟಿಯನ್ನಿಟ್ಟು ಸರಿಸುತ್ತ ಹೋದರೆ ಸಾಲು ತಪ್ಪುವುದು ಬಹುಪಾಲು ನಿಲ್ಲುತ್ತದೆ. ಅಜ್ಜಂದಿರು ಬೆರಳಿಟ್ಟು ಓದುತ್ತಿದ್ದುದನ್ನು ನೋಡಿ ನಕ್ಕ ಮೊಮ್ಮಕ್ಕಳು ಬೆರಳಿನ ಬೆಲೆಯನ್ನು ಈಗ ತಿಳಿಯಬಹುದು. ಗಟ್ಟಿಯಾಗಿ ಓದಿದರೆ ಕಣ್ಣಿಗೆ ಕಿವಿ ನೆರವಾಗುತ್ತದೆ. ದಿನಕ್ಕೆ ಇಷ್ಟು ಪುಟವೆಂಬ ನಿಯಮಕ್ಕಿಂತ ಒಂದು ಸಾಮಾಯಿಕದ ಅವಧಿ, ಅಂದರೆ 48 ನಿಮಿಷ, ಇಲ್ಲವೇ ಅದರ ಕಾಲುಭಾಗ, ಎಂಬ ನಿಯಮ ನಿಧಾನವಾಗಿ ಓದುವವನಿಗೆ ಹಿತ; ಪುಟದ ನಿಯಮ ಅವನನ್ನು ಓಡಿಸುತ್ತದೆ, ಕಾಲದ ನಿಯಮ ಕೂರಿಸುತ್ತದೆ. ಕನ್ನಡ ಪುಟವನ್ನು ಮೊಬೈಲ್ ಫೋನೇ ಓದಿ ಹೇಳುವ ಸೌಲಭ್ಯ ಬಂದಿದೆ. ಕಣ್ಣು ಸೋತವರು ಅದನ್ನು ಬಳಸುವುದರಲ್ಲಿ ದೋಷವೇನಿಲ್ಲ. ಕೇಳುವವನ ಮುಖ ನೋಡಿ, ಇದು ಅರ್ಥವಾಗಲಿಲ್ಲವೆಂದು ತಿಳಿದು ನಿಲ್ಲಿಸುವುದು ಮಾತ್ರ ಅದಕ್ಕೆ ಬಾರದು. ಆ ಕೆಲಸ ಮಗನದೋ ಸೊಸೆಯದೋ. ಮಗು ತನ್ನ ವಯಸ್ಸಿನವರಿಗಿಂತ ಬಹಳ ಹಿಂದುಳಿದು ಓದುತ್ತಿದ್ದರೆ ಹರಕೆಗೂ ಹೊಡೆತಕ್ಕೂ ಮೊದಲು ಪರೀಕ್ಷೆ ಮಾಡಿಸುವುದು ಯೋಗ್ಯ. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆ ಅದಕ್ಕೆ ವ್ಯವಸ್ಥೆಯಿದೆ. ಕಲಿಕಾ ನ್ಯೂನತೆ ದೃಢಪಟ್ಟ ಮಕ್ಕಳಿಗೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವೇ ಮೊದಲಾದ ರಿಯಾಯಿತಿಗಳೂ ಇವೆ.

ಸ್ವಾಧ್ಯಾಯ ಸಭೆಗಳಲ್ಲಿ ಸರದಿಯಂತೆ ಪ್ರತಿಯೊಬ್ಬರಿಂದಲೂ ಓದಿಸುವ ರೂಢಿಯ ವಿಷಯ ಒಂದು ಮಾತು ಉಳಿಯುತ್ತದೆ. ಎಲ್ಲರೂ ಭಾಗವಹಿಸಲೆಂಬ ಸದುದ್ದೇಶದಿಂದ ಬಂದ ರೂಢಿ ಅದು. ಆದರೆ ಹತ್ತು ಜನರೆದುರು ತಡವರಿಸಿದ ಹದಿನಾಲ್ಕರ ಹುಡುಗ ಮರುವಾರ ಬಸದಿಗೇ ಬಾರದೆ ಹೋದರೆ ಆ ನಷ್ಟಕ್ಕೆ ಕಾರಣ ಯಾರು? ಓದಲೊಲ್ಲದವನಿಗೆ ಆ ದಿನದ ಭಾಗದ ಮೇಲೆ ಒಂದು ಪ್ರಶ್ನೆ ಕೇಳುವ ಸರದಿಯನ್ನು ಕೊಡಬಹುದು. ಪೃಚ್ಛನೆಯೂ ಸ್ವಾಧ್ಯಾಯವೇ ಆದುದರಿಂದ ಅವನಿಗೇನೂ ಕಡಿಮೆಯಾಗದು. ಓದಿದವರಿಗೂ ಅರ್ಥವಾಗದೆ ಹೋದುದು ಆ ಪ್ರಶ್ನೆಯಿಂದ ಹೊರಬಿದ್ದರೆ ಸಭೆಗೂ ಲಾಭ. ಬರುವ ಶ್ರುತಪಂಚಮಿಗೆ ಪುಸ್ತಕ ಪ್ರಕಟಿಸಲಿರುವ ಟ್ರಸ್ಟುಗಳು ಕರಡಚ್ಚನ್ನು ಪಂಡಿತರಿಗೆ ಕಳುಹಿಸುವಾಗಲೇ ಇನ್ನೆರಡು ಪ್ರತಿ ತೆಗೆಸಿ, ಒಂದನ್ನು ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಕೈಗೂ ಇನ್ನೊಂದನ್ನು ಮನೆಯಲ್ಲಿ ಕೊಂಕಣಿಯಾಡುವ ಏಳನೆಯ ತರಗತಿಯ ಹುಡುಗಿಯೊಬ್ಬಳ ಕೈಗೂ ಕೊಟ್ಟು, ಅವರು ಯಾವ ಪುಟದಲ್ಲಿ ನಿಂತರೆಂದು ಗುರುತು ಹಾಕಿಸಿಕೊಂಡು, ಅನಂತರ ಅಚ್ಚಿಗೆ ಒಪ್ಪಿಗೆ ಕೊಡಬಹುದು.